ರೈತರ ವಾಟ್ಸ್‌ಆ್ಯಪ್ ಗ್ರೂಪು: ಮಂಡ್ಯದ ಗದ್ದೆ ಬಯಲಿಗೆ ಎಷ್ಟು ಉಪಯೋಗ?

ಕೆಆರ್‌ಎಸ್ ಮಟ್ಟ ಎಷ್ಟಡಿ, ಒಳಹರಿವು ಎಷ್ಟು, ಪೂರ್ಣ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ? ಇದು ಪೇಪರಿನಲ್ಲೂ ಬರುತ್ತದೆ, ಇಷ್ಟಕ್ಕೆ ಗ್ರೂಪು ಬೇಕಿಲ್ಲ. ಬದುವಿನ ಮೇಲೆ ನಿಂತು ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆಯೇ ಎಂದು ನೋಡಿಯೇ ಈ ಆ್ಯಪಿಗೆ ಅಂಕ ಕೊಡಬೇಕು.

ಭತ್ತದ ರೋಗದ ವಿಷಯದಲ್ಲಿ ಸಿಗುತ್ತದೆ, ಫೋಟೊ ಸರಿಯಿದ್ದರೆ. ಮೂರು ಫೋಟೊ ಬೇಕು: ಇಡೀ ತಾಕು, ಒಂದು ಬುಡ, ಎಲೆ ಹತ್ತಿರದಿಂದ. ಕಳಿಸುವ ಮುಂಚೆ ಮೇಲಿನ ಎಚ್‌ಡಿ ಗುಂಡಿ ಒತ್ತಿ. ಜೊತೆಗೆ ತಳಿ, ನಾಟಿಯಾಗಿ ಎಷ್ಟು ದಿನ, ಯಾವ ಗೊಬ್ಬರ ಹಾಕಿದೆ ಎಂದು ಬರೆಯಿರಿ. ಬೆಂಕಿ ರೋಗದ ಮಚ್ಚೆ ಎರಡು ತುದಿಯೂ ಚೂಪು, ನಡುವೆ ಬೂದು, ಅಂಚು ಕಂದು. ದುಂಡಾಣು ಅಂಗಮಾರಿಯಾದರೆ ಎಲೆ ತುದಿಯಿಂದ ಅಂಚು ಹಿಡಿದು ಹಳದಿಯಾಗುತ್ತಾ ಇಳಿಯುತ್ತದೆ. ಮಸುಕು ಫೋಟೊದಲ್ಲಿ ಎರಡೂ ಒಂದೇ ಥರ. ಬೆಂಕಿ ರೋಗ ಶಿಲೀಂಧ್ರದಿಂದ ಬರುವಂಥದ್ದು, ಅದರ ಔಷಧಿ ದುಂಡಾಣುವಿಗೆ ನಾಟುವುದಿಲ್ಲ, ದುಡ್ಡು ದಂಡ. ಅಂಗಮಾರಿಗೆ ಮೇಲಿಂದ ಯೂರಿಯಾ ಚೆಲ್ಲಿದರಂತೂ ರೋಗ ಇನ್ನೂ ಏರುತ್ತದೆ. ಗ್ರೂಪಿನಲ್ಲಿ ವಿ.ಸಿ. ಫಾರಂ (ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ) ತಜ್ಞರೊಬ್ಬರಿದ್ದರೆ ಸರಿ, ಇಲ್ಲವಾದರೆ ಅಂಗಡಿಯವರು ಕೊಟ್ಟದ್ದೇ ಮದ್ದು!

ನೀರಿನ ತಕರಾರಿಗೆ ಪೋಲ್ (ಗ್ರೂಪಿನಲ್ಲೇ ಮತ ಒತ್ತಿಸುವ ಸೌಲಭ್ಯ) ಒಳ್ಳೆಯ ಸಾಧನ. ನಾಲೆಯ ಮೇಲ್ಭಾಗ, ನಡು, ಕೊನೆಭಾಗ ಒಂದೊಂದಕ್ಕೂ ‘ಬಂದಿದೆ’, ‘ಬಂದಿಲ್ಲ’ ಎಂದು ಆರು ಆಯ್ಕೆ ಸಾಕು (12ರವರೆಗೆ ಹಾಕಬಹುದು). ಒಂದಕ್ಕಿಂತ ಹೆಚ್ಚು ಉತ್ತರದ ಸ್ವಿಚ್ ಆನ್ ಇದ್ದರೆ ಆಫ್ ಮಾಡಿ, ಇಲ್ಲವಾದರೆ ಒಬ್ಬರೇ ಎರಡೂ ಕಡೆ ಒತ್ತುತ್ತಾರೆ. ಒತ್ತಿದವರ ಹೆಸರು ಕಾಣುವುದರಿಂದ ಸ್ಕ್ರೀನ್‌ಶಾಟನ್ನು ನೀರಾವರಿ ಎಂಜಿನಿಯರ್‌ಗೆ ಕೊಡುವ ಅರ್ಜಿಯ ಜೊತೆ ಇಡಬಹುದು. ಏರಿ ಒಡೆದ ಜಾಗದ ಲೊಕೇಶನ್ ಕಳಿಸಿ. ಕಬ್ಬಿನ ಲಾರಿ ಎಲ್ಲಿದೆ ಎಂದು ತಿಳಿಯಲು ಲೈವ್ ಲೊಕೇಶನ್ ಇದೆ, ಗರಿಷ್ಠ 8 ಗಂಟೆ.

ಹುಡುಕಾಟದಲ್ಲಿ ಮಾತ್ರ ಇದು ಸೋಲುತ್ತದೆ. ಹೋದ ವರ್ಷದ ಒಳ್ಳೆಯ ಉತ್ತರ ವಾಯ್ಸ್ ಮೆಸೇಜಿನಲ್ಲಿದ್ದರೆ ಹುಡುಕಿದರೂ ಸಿಗುವುದಿಲ್ಲ. ಧ್ವನಿಯ ಕೆಳಗೆ ‘ಬೆಂಕಿ ರೋಗ’ ಎಂದು ಎರಡು ಪದ ಟೈಪ್ ಮಾಡುವ ಅಭ್ಯಾಸ ಅಡ್ಮಿನ್‌ಗಿರಬೇಕು.

ಜೋಡಿ ಬಾಣದ ಗುರುತಿದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದ ಸಂದೇಶ. ಜಲಾಶಯ ತುಂಬುವ ಹೊತ್ತಿಗೆ ಸುತ್ತುವ ಹಳೆಯ ವಿಡಿಯೊಗಳಲ್ಲಿ ಇದನ್ನು ಮೊದಲು ನೋಡಿ. ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲನ್ನು (ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲು) ಮುಟ್ಟಲೇಬೇಡಿ. ಇನ್‌ಸ್ಟಾಲ್ ಆದರೆ ಒಟಿಪಿ ಓದಿ ಖಾತೆ ಬರಿದು ಮಾಡುತ್ತದೆ. ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಸದಸ್ಯರು ಹೆಚ್ಚಾದರೆ ಕಮ್ಯುನಿಟಿ (ಹಲವು ಗ್ರೂಪುಗಳನ್ನು ಒಂದೇ ಕಡೆ ಸೇರಿಸುವ ಸೌಲಭ್ಯ) ಮಾಡಿ, ಪ್ರಕಟಣೆ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ ಇಡುವುದೇ ವಾಸಿ.