ಡ್ಯಾಂಡಿಲಿಯನ್: ಬೀಜಕ್ಕೆ ದುಡ್ಡು ಕೊಡಿ, ಕಟ್ಟನ್ನು ನೋಡಿ ಕೊಳ್ಳಿ, ಟೀ ಚೀಲ ಬಿಡಿ

ಅಮೆರಿಕದ ಅಂಗಡಿಗಳಲ್ಲಿ ಡ್ಯಾಂಡಿಲಿಯನ್ ಹೆಸರಲ್ಲಿ ಮೂರು ಸಾಮಾನು ಸಿಗುತ್ತವೆ: ಬೀಜ, ಸೊಪ್ಪಿನ ಕಟ್ಟು, ಬೇರಿನ ಟೀ. ಹುಲ್ಲುಹಾಸಿನಲ್ಲಿ ಪುಕ್ಕಟೆ ಬೆಳೆಯುವ ಈ ಹಳದಿ ಹೂವಿನ ಕಳೆಗೆ ದುಡ್ಡು ಯಾಕೆ ಅಂತ ಕೇಳಿದರೆ ತಪ್ಪಿಲ್ಲ. ಆದರೆ ಹುಲ್ಲುಹಾಸಿಗೆ ಕಳೆನಾಶಕ ಹೊಡೆದಿರುತ್ತಾರೆ, ನಾಯಿಗಳು ಓಡಾಡಿರುತ್ತವೆ. ತಿನ್ನೋದಕ್ಕೆ ಬೇರೆ ಮಡಿ ಮಾಡಿಕೊಳ್ಳುವುದೇ ಸರಿ.

ಮೊದಲು ಬೀಜ. ದಪ್ಪ ಎಲೆಯ ಫ್ರೆಂಚ್ ತಳಿಯ ಅರ್ಧ ಗ್ರಾಮಿನ ಪೊಟ್ಟಣ ತಗೊಂಡರೆ ಒಂದು ಮನೆಗೆ ಧಾರಾಳ. ಬೀಜ ಅಷ್ಟು ಹಗುರ. ಕಾಡು ಗಿಡಕ್ಕಿಂತ ಎಲೆ ಅಗಲ, ಬುಡದಲ್ಲಿ ಹೆಚ್ಚು ಎಲೆ. ಪೊಟ್ಟಣದ ಹಿಂಬದಿಯ ಸೂಚನೆ ಮಾತ್ರ ನಂಬಬೇಡಿ. ಅರ್ಧ ಇಂಚು ಆಳಕ್ಕೆ ಬಿತ್ತಿ ಅಂತ ಬರೆದಿದೆ, ಹಾಗೆ ಮಾಡಿದರೆ ಅರ್ಧಕ್ಕರ್ಧ ಮೇಲೆ ಬರುವುದಿಲ್ಲ. ಈ ಬೀಜಕ್ಕೆ ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿ, ಮಣ್ಣು ಮುಚ್ಚದೆ ಬಿಡಿ. ಕ್ಯಾನಿನಿಂದ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ತೇಲಿ ಹೋಗುತ್ತದೆ. ಸ್ಪ್ರೇ ಬಾಟಲಿಯೇ ಆಗಬೇಕು. ಮಣ್ಣು 10 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಿತ್ತಿದರೆ ಎರಡು-ಮೂರು ವಾರದಲ್ಲಿ ಮೊಳಕೆ. ಸಸಿ ಕಿತ್ತು ನೆಡುವ ಕೆಲಸ ಬೇಡ. ತಾಯಿಬೇರಿನ ತುದಿ ಮುರಿದರೆ ಬೇರು ಕವಲೊಡೆದು, ಆಮೇಲೆ ತೊಳೆಯುವವರಿಗೆ ಶಿಕ್ಷೆ. ಬಿತ್ತಿದ ಜಾಗದಲ್ಲೇ 20 ಸೆಂಟಿಮೀಟರಿಗೆ ಒಂದರಂತೆ ಉಳಿಸಿ, ಮಿಕ್ಕವನ್ನು ಕಿತ್ತು ಕೋಸಂಬರಿಗೆ ಹಾಕಿ. ಕುಂಡವಾದರೆ ಕನಿಷ್ಠ 30 ಸೆಂಟಿಮೀಟರ್ ಆಳ ಇರಲಿ.

ಕಹಿ ತಗ್ಗಿಸಲು ಫ್ರಾನ್ಸಿನವರ ಉಪಾಯವೊಂದಿದೆ: ಕೊಯ್ಯುವ ಮುಂಚೆ ಏಳೆಂಟು ದಿನ ಗಿಡದ ಮೇಲೆ ಕುಂಡ ಬೋರಲು ಹಾಕಿ, ತೂತು ಮುಚ್ಚಿಬಿಡುವುದು. ಬೆಳಕಿಲ್ಲದೆ ಎಲೆ ತಿಳಿಹಳದಿಗೆ ತಿರುಗಿ ಮೆತ್ತಗಾಗುತ್ತದೆ. ದಿನಕ್ಕೊಮ್ಮೆ ಎತ್ತಿ ನೋಡಿ, ಒಳಗೆ ಬಸವನಹುಳುಗಳ ಜಾತ್ರೆ ಸೇರಿರುತ್ತದೆ. ಹೂವು ಹಾರುವ ಬಿಳಿ ಬೀಜದುಂಡೆಯಾಗುವ ಮೊದಲೇ ಚಿವುಟಿ. ಬಹುಪಾಲು ಗಿಡಗಳು ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುತ್ತವೆ. ಅದು ಹಾರಿ ಹೋದರೆ ಅಕ್ಕಪಕ್ಕದ ಮನೆಯವರ ಮಾತು ಆಮೇಲೆ ಕೇಳಬೇಕಾಗುತ್ತದೆ. ಬೀಜಕ್ಕೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಆ ಅರ್ಧ ಇಂಚಿನದು.

ಸೊಪ್ಪಿನ ಕಟ್ಟಿನಲ್ಲಿ ಮೋಸ ಅನ್ನುವುದಕ್ಕಿಂತ ಹೆಸರಿನ ಗೊಂದಲ ಜಾಸ್ತಿ. 'ಇಟಾಲಿಯನ್ ಡ್ಯಾಂಡಿಲಿಯನ್', 'ರೆಡ್ ಡ್ಯಾಂಡಿಲಿಯನ್' ಅಂತ ಮಾರುವುದು ಚಿಕೋರಿ ಸೊಪ್ಪು. ನಮ್ಮ ಫಿಲ್ಟರ್ ಕಾಫಿಪುಡಿಗೆ ಬೇರು ಹುರಿದು ಬೆರೆಸುತ್ತಾರಲ್ಲ, ಅದೇ ಜಾತಿ. ಮೊಳದುದ್ದ ನೆಟ್ಟಗೆ ನಿಂತ ಎಲೆ, ಮಧ್ಯೆ ದಪ್ಪ ದಂಟು ಇದ್ದರೆ ಚಿಕೋರಿ. ಅದರ ಹೂವು ನೀಲಿ. ನಿಜವಾದ ಡ್ಯಾಂಡಿಲಿಯನ್ ಎಲೆ ಗಿಡ್ಡ, ನುಣುಪು, ಗರಗಸದ ಹಲ್ಲುಗಳು ಬುಡದ ಕಡೆಗೆ ಬಾಗಿರುತ್ತವೆ. ಚಿಕೋರಿ ತಿಂದರೆ ತೊಂದರೆಯೇನಿಲ್ಲ, ಪಲ್ಯಕ್ಕೆ ಚೆನ್ನಾಗಿಯೇ ಇರುತ್ತದೆ.

ಡ್ಯಾಂಡಿಲಿಯನ್ ಎಲೆಗೆ ನಮ್ಮಲ್ಲಿ ಹೇಳಿ ಮಾಡಿಸಿದ ಅಡುಗೆ ತಂಬುಳಿ. ಹೂ ಬಿಡುವ ಮುಂಚಿನ 15 ಎಳೆ ಎಲೆ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು, ಒಂದು ಚಮಚ ತುಪ್ಪ. ತುಪ್ಪದಲ್ಲಿ ಜೀರಿಗೆ, ಮೆಣಸು ಸಿಡಿದ ಮೇಲೆ ಎಲೆ ಹಾಕಿ, ಹಸಿ ವಾಸನೆ ಹೋಗುವ ತನಕ ಬಾಡಿಸಿ. ಪೂರ್ತಿ ಆರಿದ ಮೇಲೆ ಕಾಲು ಬಟ್ಟಲು ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ, ಒಂದೂವರೆ ಬಟ್ಟಲು ಮಜ್ಜಿಗೆಗೆ ಕಲಸಿ, ಉಪ್ಪು, ಸಾಸಿವೆ-ಒಣಮೆಣಸಿನ ಒಗ್ಗರಣೆ ಕೊಡಿ. ಮಜ್ಜಿಗೆ ತೀರಾ ಹುಳಿಯಾಗಿದ್ದರೆ ಕಹಿ ಇನ್ನೂ ಎದ್ದು ಕಾಣುತ್ತದೆ. ಹೂ ಬಿಟ್ಟ ಮೇಲಿನ ಎಲೆ ತಂಬುಳಿಗೆ ಆಗುವುದಿಲ್ಲ; ಉಪ್ಪುನೀರಲ್ಲಿ ಮೂರು ನಿಮಿಷ ಕುದಿಸಿ, ಬಸಿದು, ತೊಗರಿಬೇಳೆಯ ಜೊತೆ ಪಲ್ಯ ಮಾಡಿ.

ಇನ್ನು ಟೀ ಚೀಲ. ಬಿಸಿನೀರಲ್ಲಿ ಐದು ನಿಮಿಷ ಅದ್ದಿದರೆ ಬರುವುದು ಬಣ್ಣದ ನೀರು, ಬೇರು ಕುದಿಯದೆ ರಸ ಬಿಡುವುದಿಲ್ಲ. ಅದಕ್ಕಿಂತ ಶರತ್ಕಾಲದಲ್ಲಿ ನಿಮ್ಮ ಗಿಡದ ಬೇರು ಅಗೆಯಿರಿ, ಇನುಲಿನ್ ಎಂಬ ನಾರಿನಂಶ ಆಗ ತುಂಬಿರುತ್ತದೆ. ಉಜ್ಜಿ ತೊಳೆದು, ಒಂದೇ ಗಾತ್ರಕ್ಕೆ ಹೆಚ್ಚಿ. ಇಲ್ಲದಿದ್ದರೆ ಸಣ್ಣವು ಕರಿಕಾಗುವಾಗ ದೊಡ್ಡವು ಹಸಿಯಾಗಿಯೇ ಇರುತ್ತವೆ. ಚಟ್ಟನೆ ಮುರಿಯುವಷ್ಟು ಒಣಗಿಸಿ, ಓವನ್ನಿನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಗಂಟೆ, ನಡುನಡುವೆ ಕೈಯಾಡಿಸುತ್ತ ಕಾಫಿಬೀಜದ ಬಣ್ಣಕ್ಕೆ ಹುರಿಯಿರಿ. ಲೋಟಕ್ಕೆ ಎರಡು ಚಮಚ ಪುಡಿ, ಹತ್ತು ನಿಮಿಷ ಕುದಿ. ಹಾಲು ಹಾಕಿದರೆ ಚಿಕೋರಿ ಜಾಸ್ತಿಯಾದ ಕಾಫಿಯ ಹಾಗಿರುತ್ತದೆ. ಕೆಫೀನ್ ಇಲ್ಲ.

ಟೀ ಡಬ್ಬಿ ಮೇಲಿನ 'ಲಿವರ್ ಡಿಟಾಕ್ಸ್' (ಯಕೃತ್ತು ಶುದ್ಧಿ) ಅನ್ನುವ ಮಾತಿಗೆ ಮನುಷ್ಯರ ಮೇಲಿನ ಗಟ್ಟಿ ಪುರಾವೆಯಿಲ್ಲ. ಮೂತ್ರ ಹೆಚ್ಚಿಸುತ್ತದೆ ಅನ್ನುವುದು ಹಳೆಯ ನಂಬಿಕೆ. ಫ್ರೆಂಚರು ಇದನ್ನು 'ಪಿಸಾಂಲಿ' ಅನ್ನುತ್ತಾರೆ, ಅಂದರೆ ಹಾಸಿಗೆ ಒದ್ದೆ ಮಾಡುವುದು. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 778 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದ್ದರ ಆರು ಪಟ್ಟಿಗೂ ಮೇಲೆ. ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ನೆರವಾಗುವುದರಿಂದ, ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಇದನ್ನು ದಿಢೀರನೆ ದಿನವೂ ತಿನ್ನಲು ಶುರುಮಾಡಬಾರದು. ಪಿತ್ತಕೋಶದ ಕಲ್ಲು ಇರುವವರು, ಲಿಥಿಯಂ (ಮನೋರೋಗದ ಔಷಧಿ) ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಸೇವಂತಿ ಜಾತಿಯ ಹೂವಿಗೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಿ.