ಆರು ವರ್ಷ, ಒಂದೇ ಫೈಲು: ನಮ್ಮ ಸಣ್ಣ ವ್ಯಾಪಾರಕ್ಕೆ ಲಿಬ್ರೆಆಫೀಸ್ ಕ್ಯಾಲ್ಕ್

ಲಿಬ್ರೆಆಫೀಸ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಲೆಕ್ಕ ಬರೆಯಲು ಇರುವ, ಎಕ್ಸೆಲ್ ಥರದ ಸ್ಪ್ರೆಡ್‌ಶೀಟ್ ಭಾಗವೇ ಕ್ಯಾಲ್ಕ್. ಅದರಲ್ಲಿ ಏನೇನು ಸೌಲಭ್ಯ ಇದೆ ಅನ್ನೋ ಪಟ್ಟಿ ನಾನಿಲ್ಲಿ ಕೊಡುವುದಿಲ್ಲ. ಅದನ್ನು ನೀವು ಆಗಲೇ ಎಲ್ಲೋ ನೋಡಿರುತ್ತೀರಿ. ಆರು ವರ್ಷ ದಿನಾ ಬಳಸಿದ ಮೇಲೆ ನನಗೆ ಹೇಳಬೇಕು ಅನ್ನಿಸುವುದು ಒಂದೇ ಒಂದು ಕಾಲಮ್ ಬಗ್ಗೆ. ಅದಕ್ಕೆ ನಾನಿಟ್ಟ ಹೆಸರು ‘ಎಷ್ಟು ದಿನ’.

ನಮ್ಮದು ಬಟ್ಟೆ ಚೀಲ ಹೊಲಿಯುವ ಕೆಲಸ. ಅಂಗಡಿಗಳು, ಆಫೀಸುಗಳು ನೂರು ಇನ್ನೂರರ ಲೆಕ್ಕದಲ್ಲಿ ಆರ್ಡರ್ ಕೊಡುತ್ತವೆ. ನಾನು, ತಂಗಿ, ಜೊತೆಗೆ ಹೊಲಿಗೆಗೆ ಇನ್ನೊಬ್ಬರು. ಶುರು ಮಾಡಿದಾಗ ಸಾಫ್ಟ್‌ವೇರ್‌ಗೆ ಅಂತ ಎತ್ತಿಟ್ಟ ದುಡ್ಡು ಸೊನ್ನೆ. ಈಗಲೂ ಸೊನ್ನೆಯೇ. ತಿಂಗಳಿಗೆ ಇಷ್ಟು ಅಂತ ಕಟ್ಟಿ ಒಳ್ಳೇ ಸಾಫ್ಟ್‌ವೇರ್ ಇಟ್ಟುಕೊಳ್ಳಬಲ್ಲವರಿಗೆ ಈ ವಿಮರ್ಶೆ ಅಷ್ಟಾಗಿ ಉಪಯೋಗಕ್ಕೆ ಬರಲಿಕ್ಕಿಲ್ಲ.

ಕ್ಯಾಲ್ಕ್‌ಗೆ ನಾನು ಇಷ್ಟಪಟ್ಟು ಬಂದವಳಲ್ಲ, ಸಿಟ್ಟಿನಿಂದ ಬಂದವಳು. ಅದಕ್ಕೂ ಮುಂಚೆ ಫೋನಿನಲ್ಲಿ ಒಂದು ಉಚಿತ ಲೆಕ್ಕದ ಆ್ಯಪ್ ಇತ್ತು. ಹೆಸರು ಬೇಡ. ನೋಡಲಿಕ್ಕೆ ಚಂದ, ಬಣ್ಣ ಬಣ್ಣದ ಚಿತ್ರಗಳು. ಎಂಟು ತಿಂಗಳು ಬಿಲ್ಲುಗಳನ್ನೆಲ್ಲ ಅದಕ್ಕೇ ಸುರಿದೆ. ಒಂದು ಬೆಳಿಗ್ಗೆ ತೆರೆದರೆ, ಹಳೇ ಬಿಲ್ಲು ನೋಡಬೇಕಾದರೆ ದುಡ್ಡು ಕಟ್ಟಿ ಅಂತ ಬಂತು. ಲೆಕ್ಕವನ್ನು ಹೊರಗೆ ತೆಗೆದುಕೊಳ್ಳುವ ಬಟನ್ನೂ ದುಡ್ಡು ಕಟ್ಟಿದವರ ಪಾಲಾಗಿತ್ತು. ಪುಕ್ಕಟೆ ಇದ್ದದ್ದು ಒಳಗೆ ಹೋಗುವ ದಾರಿ ಮಾತ್ರ. ಬಿಲ್ಲಿನ ಪ್ರತಿಗಳನ್ನು ನೆಲದ ಮೇಲೆ ಹರಡಿಕೊಂಡು ಎರಡು ರಾತ್ರಿ ಕೂತು ಮತ್ತೆ ಬರೆದೆವು.

ಅವತ್ತಿಂದ ಯಾವ ಉಚಿತ ಸಾಮಾನು ಕಂಡರೂ ಮೊದಲು ಒಂದು ಪರೀಕ್ಷೆ ಮಾಡುತ್ತೇನೆ. ಮೂರು ಸುಳ್ಳು ಬಿಲ್ಲು ಹಾಕಿ, ಅದನ್ನು ಸಿಎಸ್‌ವಿ ಫೈಲಾಗಿ, ಅಂದರೆ ಯಾವ ಸಾಫ್ಟ್‌ವೇರ್ ಬೇಕಾದರೂ ಓದಬಲ್ಲ ಸಾದಾ ಪಟ್ಟಿಯಾಗಿ, ಹೊರಗೆ ತೆಗೆಯಲು ಬರುತ್ತದಾ ನೋಡುತ್ತೇನೆ. ಬರದಿದ್ದರೆ ಅಲ್ಲೇ ಅಳಿಸಿಬಿಡುತ್ತೇನೆ. ಕ್ಯಾಲ್ಕ್‌ನಲ್ಲಿ ಈ ತಲೆನೋವಿಲ್ಲ. ಫೈಲು ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ. ಕ್ಯಾಲ್ಕ್ ಫೈಲನ್ನು ಉಳಿಸುವ ಓಡಿಎಸ್ ಅನ್ನುವ ರೂಪ 2006ರಲ್ಲೇ ಅಂತರರಾಷ್ಟ್ರೀಯ ಮಾನದಂಡ ಆಗಿದೆ, ಬೇರೆ ಸಾಫ್ಟ್‌ವೇರ್‌ಗಳೂ ಅದನ್ನು ಓದುತ್ತವೆ. ಲಿಬ್ರೆಆಫೀಸನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್ 2010ರಿಂದ ಇದೆ. ನಾಳೆ ಬೆಳಿಗ್ಗೆ ಎದ್ದು ಬೀಗ ಹಾಕುತ್ತಾರೆ ಅನ್ನೋ ಭಯ ಇಲ್ಲ.

ಈಗ ಆ ಕಾಲಮ್‌ಗೆ ಬರುತ್ತೇನೆ. ಆದರೆ ಅದಕ್ಕೂ ಮುಂಚೆ ಉಚಿತ ಸಲಹೆಗಳ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಮೊದಲ ವರ್ಷ ನಾನು ‘ವ್ಯಾಪಾರ ಬೆಳೆಸುವುದು ಹೇಗೆ’ ಅನ್ನುವ ವಿಡಿಯೋ ನೋಡದ ದಿನವಿಲ್ಲ. ಇಡೀ ವ್ಯಾಪಾರದ ಯೋಜನೆಯನ್ನು ಒಂದೇ ಹಾಳೆಯ ಒಂಬತ್ತು ಚೌಕದಲ್ಲಿ ಬರೆಯುವ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ಇದೆಯಲ್ಲ, ಅದನ್ನೂ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಕೆಟ್ಟದ್ದೇನಲ್ಲ. ಒಂದು ಮಧ್ಯಾಹ್ನ ಕೂತು ತುಂಬಿದರೆ ಯಾವ ಚೌಕ ಖಾಲಿ ಉಳಿಯುತ್ತದೆ ಅನ್ನೋದು ಗೊತ್ತಾಗುತ್ತದೆ. ಆಮೇಲೆ ಅದನ್ನು ಯಾರೂ ತಿರುಗಿ ನೋಡಲಿಲ್ಲ. ಇನ್ನು ವಿಡಿಯೋಗಳೆಲ್ಲ ಹೇಳುವುದು ಒಂದೇ: ಹೊಸ ಗಿರಾಕಿ ಹಿಡಿ, ಇನ್ನೂ ಹೊಸ ಗಿರಾಕಿ ಹಿಡಿ. ಹಿಡಿದೆವು. ಆರ್ಡರ್ ಜಾಸ್ತಿಯಾಯಿತು. ಆದರೆ ಬಟ್ಟೆ ತರಲು ಕೈಯಲ್ಲಿ ದುಡ್ಡೇ ಇಲ್ಲ! ಲೆಕ್ಕ ಹಾಕಿದರೆ ಲಾಭ ಇದೆ, ದುಡ್ಡಿನ ಡಬ್ಬಿ ನೋಡಿದರೆ ಖಾಲಿ. ನಮಗೇ ನಮ್ಮ ಮೇಲೆ ಅನುಮಾನ ಬರುವ ಹಾಗಾಯಿತು.

ನಮ್ಮ ಶೀಟಿನಲ್ಲಿ ಆಗ ಇದ್ದದ್ದು ನಾಲ್ಕು ಕಾಲಮ್: ‘ಯಾರು’, ‘ಯಾವಾಗ’, ‘ಎಷ್ಟು’, ‘ಬಂತಾ?’. ತಲೆಬರಹವನ್ನೆಲ್ಲ ಕನ್ನಡದಲ್ಲೇ ಹಾಕಿದ್ದೇನೆ, ಆಡುವ ಮಾತಿನಲ್ಲೇ. ‘ಬಂತಾ?’ ಅಂತ ಕೇಳಿದರೆ ಬಂತು ಅಥವಾ ಇಲ್ಲ ಅಂತ ಉತ್ತರ ಕೊಡಲೇಬೇಕು. ಆ ಖಾಲಿ ಚೌಕ ಮುಖ ನೋಡಿ ಕೇಳಿದ ಹಾಗಿರುತ್ತದೆ.

ರಾತ್ರಿ ಹೊಲಿಗೆ ಯಂತ್ರ ನಿಲ್ಲಿಸಿ, ಬಟ್ಟೆಯ ಚೂರೆಲ್ಲ ಗುಡಿಸಿದ ಮೇಲೆ ನಾನು ಫೈಲು ತೆರೆಯುತ್ತೇನೆ. ಮೇಜಿನ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಇದೆ. ಅವತ್ತಿನ ಚೀಟಿಗಳೆಲ್ಲ ಅದರಲ್ಲೇ. ಒಂದೊಂದೇ ತೆಗೆಯುವುದು, ಕಂಟ್ರೋಲ್ ಒತ್ತಿ ಹಿಡಿದು ಸೆಮಿಕೋಲನ್ ಹೊಡೆಯುವುದು. ಅಷ್ಟಕ್ಕೇ ಆ ದಿನದ ದಿನಾಂಕ ಬಂದು ಕೂರುತ್ತದೆ. ಆಮೇಲೆ ಹೆಸರು, ಮೊತ್ತ. ಬರೆದಾದ ಚೀಟಿಯ ಮೂಲೆ ಮಡಚಿ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತೇನೆ. ಮುಚ್ಚಳ ತುಂಬಿ ಡಬ್ಬಿ ಖಾಲಿಯಾದರೆ ಕೆಲಸ ಮುಗಿಯಿತು. ಹತ್ತು ನಿಮಿಷ, ಜಾಸ್ತಿ ಅಂದರೆ ಹದಿನೈದು. ದಿನದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು. ಸುಮ್ನೆ ಹೇಳುತ್ತಿಲ್ಲ.

ಒಂದು ರಾತ್ರಿ ಐದನೇ ಕಾಲಮ್ ಸೇರಿಸಿದೆ. ‘ಬಂತಾ?’ ಖಾಲಿ ಇದ್ದರೆ, ಟುಡೇ ಅನ್ನುವ ಫಾರ್ಮುಲಾದಿಂದ ಆ ದಿನದ ದಿನಾಂಕ ತೆಗೆದುಕೊಂಡು ಅದರಲ್ಲಿ ಬಿಲ್ಲಿನ ದಿನಾಂಕ ಕಳೆಯಬೇಕು. ಅಷ್ಟೇ. ಅದೇ ‘ಎಷ್ಟು ದಿನ’. ಜೊತೆಗೆ ಬಣ್ಣ: 30 ದಾಟಿದರೆ ಹಳದಿ, 60 ದಾಟಿದರೆ ಕೆಂಪು. ಎಂಟರ್ ಹೊಡೆದ ತಕ್ಷಣ ಪರದೆಯ ಅರ್ಧ ಭಾಗ ಕೆಂಪಾಯಿತು.

ಅದರಲ್ಲೂ ಅತಿ ಹೆಚ್ಚು ಕೆಂಪು ಯಾರದ್ದು ಗೊತ್ತಾ? ನಾವು ‘ನಮ್ಮ ಒಳ್ಳೇ ಗಿರಾಕಿ’ ಅಂತ ಹೊಗಳುತ್ತಿದ್ದವರದ್ದು. ದೊಡ್ಡ ಆರ್ಡರ್, ಒಳ್ಳೇ ಮಾತು, ಚೌಕಾಸಿ ಇಲ್ಲ. ಆದರೆ 71 ದಿನ, 84 ದಿನ, 93 ದಿನ. ಚಿಕ್ಕ ಚಿಕ್ಕ ಆರ್ಡರ್ ಕೊಟ್ಟು ಪ್ರತಿ ಸಲ ಎರಡು ಚೀಲ ಜಾಸ್ತಿ ಕೇಳಿ ಜೀವ ತಿನ್ನುತ್ತಿದ್ದ ಇನ್ನೊಬ್ಬರು 6ನೇ ದಿನಕ್ಕೆ ದುಡ್ಡು ಕೊಟ್ಟಿದ್ದರು. ಅವರ ಬಗ್ಗೆ ಆಡಿದ್ದ ಮಾತನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತಗೊಂಡೆ.

ಆಗಲೇ ದುಡ್ಡಿನ ಡಬ್ಬಿ ಯಾಕೆ ಖಾಲಿ ಅನ್ನೋದು ತಿಳಿದದ್ದು. ಬಟ್ಟೆ ತಂದ 7 ದಿನದಲ್ಲಿ ಬಟ್ಟೆಯವರಿಗೆ ದುಡ್ಡು ಕೊಡಬೇಕು. ಹೊಲಿದು ಕೊಡಲು 10 ದಿನ. ಅವತ್ತೇ ನಾವು ಬಿಲ್ ಕೊಟ್ಟು, ಗಿರಾಕಿ ಅದಾಗಿ 60 ದಿನಕ್ಕೆ ದುಡ್ಡು ಕೊಟ್ಟರೆ, ಅದು ಕೈಗೆ ಬರುವುದು 70ನೇ ದಿನ. ಅಂದರೆ ನಮ್ಮ ದುಡ್ಡು 63 ದಿನ ಹೊರಗೇ ಇರುತ್ತದೆ. ಆರ್ಡರ್ ಎರಡು ಪಟ್ಟಾದರೆ ಹೊರಗಿರುವ ದುಡ್ಡೂ ಎರಡು ಪಟ್ಟು. ವ್ಯಾಪಾರ ಬೆಳೆದಷ್ಟೂ ಕೈ ಬರಿದಾಗುವುದು ಹೀಗೆ. ಲಾಭ ಇರುವ ವ್ಯಾಪಾರವೂ ಇದೇ ಕಾರಣಕ್ಕೆ ಮುಚ್ಚಿಹೋಗಬಹುದು. ನಾನು ನೋಡಿದ ಅಷ್ಟು ವಿಡಿಯೋಗಳಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ.

ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ಮೊದಲು ತಿಂಗಳ ಕೊನೆಗೆ ಒಟ್ಟಿಗೆ ಬಿಲ್ ಬರೆಯುತ್ತಿದ್ದೆವು. ಈಗ ಮಾಲು ಕೊಟ್ಟ ದಿನವೇ ಬಿಲ್. ‘30 ದಿನದಲ್ಲಿ ಕೊಡಿ’ ಅಂತ ಬರೆಯುವ ಬದಲು ಕೊಡಬೇಕಾದ ತಾರೀಖನ್ನೇ ಬರೆಯುತ್ತೇವೆ. ಮೂರು ದಿನ ಮುಂಚೆ ಒಂದು ಫೋನು. ಆ ಫೋನ್ ಮಾಡಿದ ಮೇಲೆಯೇ ತಿಳಿದದ್ದು, ಎಷ್ಟೋ ಕಡೆ ದುಡ್ಡು ಕೊಡಬೇಕಾದವರ ಮೇಜಿಗೆ ನಮ್ಮ ಬಿಲ್ಲು ತಲುಪಿರುವುದೇ ಇಲ್ಲ. ‘ಅಯ್ಯೋ, ಸಿಕ್ಕೇ ಇಲ್ಲ ಮೇಡಂ, ಇನ್ನೊಂದ್ಸಲ ಕಳಿಸಿ’ ಅನ್ನುತ್ತಾರೆ. ಆ ‘ಒಳ್ಳೇ ಗಿರಾಕಿ’ಗೆ ಅರ್ಧ ಮುಂಗಡ ಕೇಳಿದೆವು. ಕೇಳುವ ಮುಂಚೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರು ಒಂದು ಮಾತೂ ಆಡದೆ ಕೊಟ್ಟರು! ಇಷ್ಟು ದಿನ ಯಾಕೆ ಕೇಳಲಿಲ್ಲ ಅಂತ ತಂಗಿ ಇವತ್ತಿಗೂ ಬೈಯುತ್ತಾಳೆ.

ಬೆಲೆಯ ಶೀಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಖರ್ಚಿನ ಮೇಲೆ 25% ಸೇರಿಸಿದರೆ 25% ಲಾಭ ಅಂತ ನಾನು ನಂಬಿದ್ದೆ. 100 ಖರ್ಚಾದದ್ದನ್ನು 125ಕ್ಕೆ ಮಾರಿದರೆ ಮಾರಾಟದ ಮೊತ್ತದಲ್ಲಿ ಲಾಭ 20% ಮಾತ್ರ. ರಿಯಾಯಿತಿಯ ಲೆಕ್ಕ ಇನ್ನೂ ಭಯಂಕರ. 100ಕ್ಕೆ ಮಾರುವ ಚೀಲಕ್ಕೆ ಖರ್ಚು 75 ಅಂತಿಟ್ಟುಕೊಳ್ಳಿ. 10% ರಿಯಾಯಿತಿ ಕೊಟ್ಟರೆ ಉಳಿಯುವುದು 25ರ ಬದಲು 15. ಮೊದಲಿನಷ್ಟೇ ಲಾಭ ಬರಬೇಕಾದರೆ 100 ಚೀಲ ಮಾರುತ್ತಿದ್ದ ಕಡೆ 167 ಮಾರಬೇಕು. ಈ ಚೌಕ ತುಂಬಿದ ದಿನವೇ ನಮ್ಮ ರಿಯಾಯಿತಿ ಬೋರ್ಡು ಕೆಳಗಿಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ. ಆದರೆ ಮೂರನೇ ವರ್ಷ ಒಂದು ಘಟನೆ ನಡೆಯಿತು. ಅದರ ಕಹಿ ಇನ್ನೂ ಹೋಗಿಲ್ಲ.

ಬರಬೇಕಾದ ಬಾಕಿಯ ಒಟ್ಟು ಮೊತ್ತ ಶೀಟಿನ ತಲೆಯಲ್ಲೇ ಕಾಣುವ ಹಾಗೆ ಇಟ್ಟಿದ್ದೆ. ಕೆಲವು ವಾರ ಅದು ಕಡಿಮೆಯಾಗುತ್ತಾ ಬಂತು. ವಸೂಲಿ ಚೆನ್ನಾಗಿದೆ ಅಂತ ನಾನು ಖುಷಿಯಲ್ಲಿದ್ದೆ. ತಂಗಿಗೆ ಕಂಪ್ಯೂಟರ್ ಮೇಲೆ ಅಷ್ಟು ನಂಬಿಕೆ ಇಲ್ಲ. ಒಂದು ಸಂಜೆ ಬಿಲ್ಲಿನ ಪ್ರತಿಗಳನ್ನು ಮುಂದಿಟ್ಟುಕೊಂಡು ಕ್ಯಾಲ್ಕುಲೇಟರಿನಲ್ಲಿ ಕೂಡಿದಳು. ‘ಅಕ್ಕಾ, ನಿನ್ನ ಮೊತ್ತ ತಪ್ಪು’ ಅಂದಳು. ಇಬ್ಬರೂ ಮೂರು ಸಲ ಕೂಡಿದೆವು. ಅವಳದ್ದೇ ಸರಿ. ನಾನು ಫಾರ್ಮುಲಾ ಬರೆದಾಗ 2ನೇ ಸಾಲಿನಿಂದ 500ನೇ ಸಾಲಿನವರೆಗೆ ಕೂಡು ಅಂತ ಬರೆದಿದ್ದೆ. ಆಗ 500 ಅಂದರೆ ದೂರದ ಊರಿನ ಹಾಗೆ ಕಂಡಿತ್ತು. ಶೀಟು 500 ದಾಟಿತ್ತು. ದಾಟಿದ ಒಂದು ಬಿಲ್ಲೂ ಲೆಕ್ಕಕ್ಕೆ ಬಂದಿರಲಿಲ್ಲ.

ತಪ್ಪು ನನ್ನದೇ, ಕ್ಯಾಲ್ಕ್‌ನದ್ದಲ್ಲ. ಅದು ಹೇಳಿದಷ್ಟೇ ಕೂಡಿತು. ಆದರೆ ನನಗೆ ಬೇಜಾರಾದದ್ದು ಅದು ಒಂದು ಮಾತೂ ಆಡಲಿಲ್ಲ ಅನ್ನೋದಕ್ಕೆ. ಅಂಕಿ ತಪ್ಪಿದ್ದರೂ ಸರಿಯಿದ್ದರೂ ಸ್ಪ್ರೆಡ್‌ಶೀಟಿನ ಮುಖ ಒಂದೇ ಥರ ಇರುತ್ತದೆ.

ನನ್ನೊಬ್ಬಳ ಕಥೆಯಲ್ಲ ಇದು ಅಂತ ಗೊತ್ತಾದಾಗ ಸ್ವಲ್ಪ ಸಮಾಧಾನ ಆಯಿತು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅನ್ನುವ ದೊಡ್ಡ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲದ ಬಗ್ಗೆ ಒಂದು ಲೇಖನ ಬರೆದರು. ಸರ್ಕಾರಗಳೂ ಅದನ್ನು ಮುಂದಿಟ್ಟು ಮಾತಾಡಿದವು. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನುವ ವಿದ್ಯಾರ್ಥಿ ಅವರ ಶೀಟ್ ತರಿಸಿಕೊಂಡು ನೋಡಿದರೆ, ಸರಾಸರಿಯ ಫಾರ್ಮುಲಾ ಐದು ದೇಶಗಳ ಸಾಲುಗಳನ್ನು ಬಿಟ್ಟೇ ಬಿಟ್ಟಿತ್ತು. ಥೇಟ್ ನನ್ನ ತಪ್ಪೇ ಅಲ್ವಾ! 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದದ್ದೂ ಹೀಗೇ. ಹಳೇ ರೂಪದ ಎಕ್ಸೆಲ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಹಿಡಿಯದೆ ಮಿಕ್ಕಿದ್ದು ಬಿಟ್ಟುಹೋಗಿತ್ತು. ಕ್ಯಾಲ್ಕ್‌ನಲ್ಲಿ ಸಾಲುಗಳು 10 ಲಕ್ಷ ದಾಟುತ್ತವೆ, ನಮಗೆ ಏಳು ಜನ್ಮಕ್ಕೆ ಸಾಕು. ಆದರೆ ನನ್ನ ಫಾರ್ಮುಲಾ 500ಕ್ಕೇ ಸುಸ್ತಾಗಿತ್ತಲ್ಲ.

ದಿನಾಂಕದ ಕಾಟ ಇನ್ನೊಂದು. ಹೊಸ ಕಂಪ್ಯೂಟರಿನಲ್ಲಿ ಭಾಷೆಯ ಸೆಟ್ಟಿಂಗ್ ಅಮೆರಿಕದ್ದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 5 ಅಂತ ನಾನು 5/3 ಹೊಡೆದರೆ ಅದು ಮೇ 3 ಅಂತ ತಿಳಿದುಕೊಂಡಿತು. ಮಾರ್ಚ್ 23ರ ರಾತ್ರಿ ನೋಡಿದರೆ ‘ಎಷ್ಟು ದಿನ’ದಲ್ಲಿ ಮೈನಸ್ 41! ಇನ್ನೂ ಬರೆಯದ ಬಿಲ್ಲಿಗೆ ಬಾಕಿ ಕಾಯುತ್ತಿದ್ದೆ. ಮೈನಸ್ ಬಂದದ್ದರಿಂದ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಇದೂ ಹಾಗೇ ಹೋಗುತ್ತಿತ್ತು.

ಈಗ ಒಂದಿಷ್ಟು ಕಾವಲು ಹಾಕಿದ್ದೇನೆ. ಮೊತ್ತ ಕೂಡುವಾಗ ಇಡೀ ಕಾಲಮ್ ಕೊಡುತ್ತೇನೆ, ಸಾಲಿನ ಲೆಕ್ಕ ಇಲ್ಲ. ಮೊತ್ತದ ಪಕ್ಕದಲ್ಲೇ ಎಷ್ಟು ಬಿಲ್ಲು ಇದೆ ಅಂತ ಎಣಿಸುವ ಒಂದು ಚೌಕ ಇದೆ. ಬಿಲ್ ಪುಸ್ತಕದ ಕೊನೆಯ ನಂಬರಿಗೂ ಅದಕ್ಕೂ ತಾಳೆಯಾಗಬೇಕು. ಶನಿವಾರ ಕಂಟ್ರೋಲ್ ಎಫ್8 ಒತ್ತುತ್ತೇನೆ. ಆಗ ಕ್ಯಾಲ್ಕ್ ಅಂಕಿಗಳನ್ನು ನೀಲಿ, ಫಾರ್ಮುಲಾಗಳನ್ನು ಹಸಿರು, ಬರಹವನ್ನು ಕಪ್ಪು ಮಾಡಿ ತೋರಿಸುತ್ತದೆ. ಮೊತ್ತದ ಕಾಲಮ್‌ನಲ್ಲಿ ಕಪ್ಪು ಕಂಡರೆ, ಅದು ಅಂಕಿಯ ಹಾಗೆ ಕಾಣುವ ಬರಹ, ಕೂಡುವಾಗ ಲೆಕ್ಕಕ್ಕೇ ಬರುವುದಿಲ್ಲ. ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದಾಗ ಹೀಗಾಗುತ್ತದೆ. ಈ ಬಟನ್ ಐದನೇ ವರ್ಷದಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಮೊದಲೇ ಗೊತ್ತಿದ್ದರೆ ಎಷ್ಟು ರಾತ್ರಿಯ ನಿದ್ದೆ ಉಳಿಯುತ್ತಿತ್ತೋ. ಪ್ರತಿಗಳು ಮೂರು: ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ತಂಗಿಯ ಮನೆಯಲ್ಲಿ ಒಂದು. ತಿಂಗಳಿಗೊಮ್ಮೆ ಅವಳ ಕ್ಯಾಲ್ಕುಲೇಟರ್ ಪರೀಕ್ಷೆಯೂ ನಡೆಯುತ್ತದೆ, ಅದಕ್ಕೆ ರಜೆ ಇಲ್ಲ.

ಹೋದ ವರ್ಷ ಆರನೇ ಕಾಲಮ್ ಬಂತು: ‘ಹೇಗೆ ಗೊತ್ತಾಯ್ತು’. ಹೊಸ ಗಿರಾಕಿ ಬಂದಾಗ ಒಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುವುದು. ವರ್ಷದ ಕೊನೆಗೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ಜನ ಹಳೇ ಗಿರಾಕಿಗಳ ಬಾಯಿಮಾತಿನಿಂದ ಬಂದವರು. ವಾರಕ್ಕೆ ಮೂರು ಸಂಜೆ ಕೂತು ನಾನು ಹಾಕುತ್ತಿದ್ದ ಫೋಟೋ ನೋಡಿ ಬಂದವರು ಇಬ್ಬರು. ಆ ಸಂಜೆಗಳು ಈಗ ನನ್ನವು.

ಎಲ್ಲರಿಗೂ ಇದು ಸಾಕು ಅನ್ನುವುದಿಲ್ಲ. ನಾಲ್ಕೈದು ಜನ ಒಟ್ಟಿಗೆ ಒಂದೇ ಲೆಕ್ಕ ಬರೆಯಬೇಕಾದರೆ ಬೇರೆ ನೋಡಿ. ಫೋನಿನಲ್ಲೇ ಎಲ್ಲ ಆಗಬೇಕು ಅನ್ನುವವರಿಗೂ ಇದು ಹಿಡಿಸುವುದಿಲ್ಲ. ದಾಸ್ತಾನು ನೂರಾರು ಬಗೆಯದಿದ್ದರೆ ಈ ಹಾದಿ ಬೇಡವೇ ಬೇಡ. ನಮ್ಮಂಥ ಮೂರು ಜನರ ಕೆಲಸಕ್ಕೆ ಮಾತ್ರ ಐದರಲ್ಲಿ ನಾಲ್ಕು ನಕ್ಷತ್ರ. ಆ ಒಂದು ನಕ್ಷತ್ರ ಹೋದದ್ದು 501ನೇ ಸಾಲಿಗೆ.

ಇದನ್ನು ಬರೆಯುವ ಹೊತ್ತಿಗೆ ಶೀಟಿನಲ್ಲಿ ಕೆಂಪು ಒಂದೂ ಇಲ್ಲ. ಹಳದಿ ಎರಡಿವೆ, ಅದರಲ್ಲಿ ಒಂದು 52ನೇ ದಿನ. ನಾಳೆ ಬೆಳಿಗ್ಗೆ ಫೋನ್ ಮಾಡಬೇಕು. ಈ ಸಲ ತಂಗಿಯ ಸರದಿ.