ಕೈ ಕೊಡುತ್ತಿದ್ದ ಲೈಟಿಂಗ್ ಕನ್ಸೋಲ್ ಜೊತೆ 6 ವರ್ಷ

ನಮ್ಮ ಶಾಲೆಯ ರಂಗಮಂದಿರದ ಲೈಟಿಂಗ್ ಕನ್ಸೋಲನ್ನು, ಅಂದರೆ ವೇದಿಕೆಯ ಲೈಟುಗಳನ್ನೆಲ್ಲ ಒಂದೇ ಕಡೆಯಿಂದ ಏರಿಸಿ ಇಳಿಸುವ ಬೋರ್ಡನ್ನು, 6 ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. 24 ಚಾನೆಲ್, ಎರಡು ಸಾಲು ಫೇಡರ್ (ಬೆಳಕು ಏರಿಸಿ ಇಳಿಸಲು ಜಾರಿಸುವ ಗುಂಡಿ), 12 ಸಬ್‌ಮಾಸ್ಟರ್ (ಹಲವು ಲೈಟುಗಳನ್ನು ಒಟ್ಟಿಗೆ ಆಡಿಸುವ ಫೇಡರ್), ದೃಶ್ಯ ಉಳಿಸಿಡಲು ಸ್ವಲ್ಪ ಮೆಮೊರಿ, ಹೊರಗೆ ಹೋಗುವುದು ಡಿಎಂಎಕ್ಸ್ ಸಿಗ್ನಲ್, ಅಂದರೆ ಯಾವ ಚಾನೆಲ್ ಎಷ್ಟು ಬೆಳಗಬೇಕು ಅಂತ ಸಂಖ್ಯೆಯಲ್ಲಿ ಹೇಳುವ ಸಿಗ್ನಲ್. ನನ್ನ ಕೈಗೆ ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಕಂಪನಿ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ತೊಂದರೆಗಳು ಆ ಕಾಲದ ಯಾವ ಕನ್ಸೋಲ್‌ಗಾದರೂ ಬರುವಂಥವೇ.

ಮೊದಲ ವರ್ಷದ ನಾಟಕದಲ್ಲಿ, ಒಬ್ಬ ಹುಡುಗಿ ಒಂಟಿಯಾಗಿ ನಿಂತು ಉದ್ದದ ಮಾತು ಹೇಳುತ್ತಿರುವಾಗ, ಇದ್ದಕ್ಕಿದ್ದಂತೆ ಎಲ್ಲ ಲೈಟೂ ಅರೆಕ್ಷಣ ಹೋಗಿ ಬಂದವು. ಅವಳು ಮಾತು ನಿಲ್ಲಿಸಲಿಲ್ಲ. ನನಗೆ ಮಾತ್ರ ಕೈ ನಡುಗಿತು. ಮಕ್ಕಳು ತಿಂಗಳುಗಟ್ಟಲೆ ಕಲಿತು ಬಂದಿರುತ್ತಾರೆ, ಬೆಳಕು ಹೀಗೆ ಕೈ ಕೊಡಬಾರದು ಅಲ್ವಾ? ಮರುದಿನವೇ ಕಾರಣ ಹುಡುಕಲು ಕೂತೆ.

ಅಲ್ಲಿ ಕಲಿತ ಮೊದಲ ಪಾಠ ಇದು: ಕನ್ಸೋಲ್ ಬಿಚ್ಚುವ ಮೊದಲು ಯಾವ ಲೈಟ್ ಮಿನುಗುತ್ತಿದೆ ಅಂತ ಸುಮ್ನೆ ಕೂತು ನೋಡಿ. ಒಂದೇ ಲೈಟ್ ಆದರೆ ಅದರ ಬಲ್ಬು, ಡಿಮ್ಮರ್ (ಬಲ್ಬಿಗೆ ಹೋಗುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ಅಥವಾ ಆ ಚಾನೆಲ್‌ನ ಫೇಡರ್. ಎಲ್ಲವೂ ಒಟ್ಟಿಗೆ ಆದರೆ ಗ್ರ್ಯಾಂಡ್ ಮಾಸ್ಟರ್ (ಎಲ್ಲ ಲೈಟುಗಳನ್ನೂ ಒಟ್ಟಿಗೆ ಏರಿಸಿ ಇಳಿಸುವ ಫೇಡರ್) ಅಥವಾ ಕರೆಂಟು. ಸಾಲಿನ ಒಂದು ಲೈಟಿನಿಂದ ಆಚೆಗಿನವು ಮಾತ್ರ ಆದರೆ ಕೇಬಲ್. ನಮ್ಮಲ್ಲಿ ಎಲ್ಲವೂ ಒಟ್ಟಿಗೆ ಹೋಗಿದ್ದವು. ಗ್ರ್ಯಾಂಡ್ ಮಾಸ್ಟರನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿದಾಗ ಒಂದು ಜಾಗದಲ್ಲಿ ಬೆಳಕು ಹಾರುತ್ತಿತ್ತು. ಫೇಡರ್ ಒಳಗೆ ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಒಂದು ಸಣ್ಣ ಲೋಹದ ಕಡ್ಡಿ ಜಾರುತ್ತದೆ. ಎಷ್ಟು ವೋಲ್ಟ್ ಬಂತು ಅಂತ ಕನ್ಸೋಲ್ ಓದಿ ಅದನ್ನು ಸಂಖ್ಯೆ ಮಾಡುತ್ತದೆ. ನಡುವೆ ಧೂಳು ಕೂತರೆ ಸಂಖ್ಯೆ ಕುಣಿಯುತ್ತದೆ, ಜೊತೆಗೆ ಬೆಳಕೂ.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ತೆರೆದು, ಫೇಡರ್‌ಗೆಂದೇ ಮಾಡಿದ ಕ್ಲೀನರ್ ಹೊಡೆದು ಐವತ್ತು ಸಲ ಓಡಾಡಿಸಿದೆ. ಸರಿಯಾಯಿತು. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನು ಮಾತ್ರ ಯಾರೂ ಹೊಡೆಯಬೇಡಿ. ಒಳಗಿನ ಗ್ರೀಸ್ ಕರಗಿ ಹೋಗುತ್ತದೆ, ಆಮೇಲೆ ಅಂಟು ಜಿಡ್ಡಿಗೆ ಇನ್ನೂ ಜಾಸ್ತಿ ಧೂಳು ಹಿಡಿಯುತ್ತದೆ.

ಎರಡನೇ ವರ್ಷ ರಜೆ ಮುಗಿಸಿ ಬಂದರೆ ಉಳಿಸಿಟ್ಟ ದೃಶ್ಯಗಳೆಲ್ಲ ಮಾಯ. ಬೋರ್ಡಿನ ಮೇಲೆ ಬೆಸುಗೆ ಹಾಕಿದ 3.6 ವೋಲ್ಟ್‌ನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ, ಸುತ್ತ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು. ಬ್ಯಾಟರಿ ಕಿತ್ತೆ. ಸೋರುವುದು ಕ್ಷಾರ, ಅದಕ್ಕೆ ಹತ್ತಿಗೆ ವಿನಿಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದೆ. ಹಳೆ ಕನ್ಸೋಲ್ ಇಟ್ಟುಕೊಂಡವರು ಇವತ್ತೇ ತೆರೆದು ಬ್ಯಾಟರಿ ನೋಡಿ. ಇನ್ನೊಂದು ವರ್ಷ ಬಿಟ್ಟಿದ್ದರೆ ನಮ್ಮ ಬೋರ್ಡಿನ ತಾಮ್ರದ ಗೆರೆಗಳೇ ತಿಂದುಹೋಗುತ್ತಿದ್ದವು.

ಮೂರನೇ ತೊಂದರೆ ಹುಡುಕಲು ಹಿಡಿದಷ್ಟು ಸಮಯ ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಸಾಲಿನ ಕೊನೆಯ ನಾಲ್ಕು ಲೈಟುಗಳು ಯಾವಾಗಲೋ ಒಮ್ಮೆ ತಾವಾಗಿಯೇ ಮಿಂಚುತ್ತಿದ್ದವು. ಕನ್ಸೋಲನ್ನೇ ಬೈದುಕೊಂಡು ಎರಡು ವಾರ ಅದರೊಳಗೆ ಹುಡುಕಿದೆ, ತಪ್ಪು ಹೊರಗಿತ್ತು. ಯಾರೋ ಮೊದಲಿನವರು ಮೈಕ್ ಕೇಬಲ್ ಹಾಕಿದ್ದರು, ಕೊನೆಯಲ್ಲಿ ಟರ್ಮಿನೇಟರ್ (ತಂತಿಯ ತುದಿಗೆ ಹಾಕುವ ರೆಸಿಸ್ಟರ್) ಇರಲಿಲ್ಲ. ಡಿಎಂಎಕ್ಸ್ ಸೆಕೆಂಡಿಗೆ 2,50,000 ಬಿಟ್ ವೇಗದಲ್ಲಿ ಹೋಗುತ್ತದೆ. ತಂತಿಯ ತುದಿ ಖಾಲಿ ಬಿಟ್ಟರೆ ಸಿಗ್ನಲ್ ಅಲ್ಲಿಂದ ಹಿಂದಕ್ಕೆ ಬಡಿದು, ಮುಂದೆ ಬರುವ ಸಿಗ್ನಲ್ ಜೊತೆ ಸೇರಿ ಕಲಸಿಹೋಗುತ್ತದೆ. ಬಂದ ಸಂಖ್ಯೆ ಸರಿಯೋ ತಪ್ಪೋ ಅಂತ ಪರೀಕ್ಷಿಸುವ ವ್ಯವಸ್ಥೆ ಡಿಎಂಎಕ್ಸ್‌ನಲ್ಲಿ ಇಲ್ಲ. 1986ರಲ್ಲಿ ಡಿಮ್ಮರ್‌ಗಳಿಗೆಂದು ಮಾಡಿದ್ದು ಅದು. ತಪ್ಪು ಸಂಖ್ಯೆ ಬಂದರೂ ಲೈಟ್ ಹಾಗೇ ಪಾಲಿಸುತ್ತದೆ. ಡಿಎಂಎಕ್ಸ್ ಕೇಬಲ್ ಹಾಕಿ, ಕೊನೆಯ ಲೈಟಿಗೆ 120 ಓಮ್‌ನ ಒಂದು ರೆಸಿಸ್ಟರನ್ನು 2 ಮತ್ತು 3ನೇ ಪಿನ್ ನಡುವೆ ಬೆಸೆದ ಪ್ಲಗ್ ಚುಚ್ಚಿದೆ. ಅಷ್ಟೇ, ಮಿಂಚು ನಿಂತಿತು. ಇಷ್ಟು ಚಿಕ್ಕ ವಸ್ತುವಿಗೆ ಇಷ್ಟು ಬೆಲೆ ಇದೆ ಅಂತ ಅವತ್ತು ತಿಳಿಯಿತು. ಈಗ ಪ್ರತಿ ನಾಟಕದ ಮೊದಲು ಎಲ್ಲ ಆಫ್ ಮಾಡಿ, ಕನ್ಸೋಲ್ ಕಡೆಯ ಕೇಬಲ್ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು 120 ಓಮ್ ಆಸುಪಾಸು ತೋರಿಸುತ್ತದಾ ಅಂತ ನೋಡುತ್ತೇನೆ.

ನಡುವೆ ಒಂದಷ್ಟು ದಿನ ತಾನಾಗಿಯೇ ರೀಸೆಟ್ ಆಗುವ ಚಾಳಿಯೂ ಇತ್ತು. ಒಳಗೆ 5 ವೋಲ್ಟ್ ಇರಬೇಕಾದಲ್ಲಿ 4.7 ಇತ್ತು. ಪವರ್ ಸಪ್ಲೈಯ ಒಣಗಿದ ಕೆಪಾಸಿಟರ್‌ಗಳನ್ನು ತಿಳಿದ ಮೆಕ್ಯಾನಿಕ್ ಹತ್ತಿರ ಬದಲಿ ಮಾಡಿಸಿದೆ. ಕನ್ಸೋಲ್‌ಗೆ ಡಿಮ್ಮರ್‌ಗಳಿಂದ ಬೇರೆಯಾದ ಕರೆಂಟು ಲೈನ್ ಕೊಟ್ಟೆವು. ಮತ್ತೆ ರೀಸೆಟ್ ಆಗಿಲ್ಲ.

ಇಷ್ಟಾದ ಮೇಲೆ ಶಾಲೆಗೆ ಎಲ್‌ಇಡಿ ಲೈಟುಗಳು ಬಂದವು. ಆಗ ಕನ್ಸೋಲ್ ಮತ್ತೆ ಕೆಟ್ಟಿತು ಅಂತಲೇ ಎಲ್ಲರೂ ಅಂದುಕೊಂಡರು. ನಿಧಾನವಾಗಿ ಕತ್ತಲು ಮಾಡಿದರೆ ಕೊನೆಯಲ್ಲಿ ಬೆಳಕು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿತ್ತು. ಕನ್ಸೋಲ್ ಕೆಟ್ಟಿರಲಿಲ್ಲ. ಅದು ಪ್ರತಿ ಚಾನೆಲ್‌ಗೆ ಕಳಿಸುವುದು 0ಯಿಂದ 255ರವರೆಗಿನ ಸಂಖ್ಯೆ, ಒಟ್ಟು 256 ಹಂತ. ಹಳೆ ಬಲ್ಬಿನ ತಂತಿ ಬಿಸಿಯಾಗಲು, ತಣಿಯಲು ಸಮಯ ತೆಗೆದುಕೊಳ್ಳುತ್ತಿತ್ತು, ಹಾಗಾಗಿ ಆ ಹಂತಗಳೂ ಫೇಡರ್‌ನ ಸಣ್ಣ ಕುಣಿತವೂ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್‌ಇಡಿ ತಕ್ಷಣ ಪಾಲಿಸುತ್ತದೆ, ಎಲ್ಲವನ್ನೂ ತೋರಿಸಿಬಿಡುತ್ತದೆ. ಮೆನುವಿನಲ್ಲಿ ಡಿಮ್ಮಿಂಗ್ ನಿಧಾನ ಮಾಡುವ ಆಯ್ಕೆ ಇರುವ ಲೈಟುಗಳಲ್ಲಿ ಅದನ್ನು ಹಾಕಿದ ಮೇಲೆ ಎಷ್ಟೋ ವಾಸಿ. ಆದರೆ ಒಂದು ಬಣ್ಣದ ಎಲ್‌ಇಡಿಗೇ ಮೂರು ನಾಲ್ಕು ಚಾನೆಲ್ ಬೇಕು. 24 ಚಾನೆಲ್ ಎಷ್ಟು ಬೇಗ ಮುಗಿಯುತ್ತದೆ ಲೆಕ್ಕ ಹಾಕಿ. ಇದೊಂದು ಕೊರತೆಗೆ ಮಾತ್ರ ರಿಪೇರಿ ಇಲ್ಲ.

ಹಾಗಾದರೆ ಇಟ್ಟುಕೊಳ್ಳಬೇಕಾ? ಕಲಿಸಲು ನನಗೆ ಇದೇ ಬೇಕು. ಒಂದು ಫೇಡರ್, ಒಂದು ಲೈಟ್. ಹನ್ನೆರಡು ವರ್ಷದ ಮಗು ಐದು ನಿಮಿಷದಲ್ಲಿ ಕ್ರಾಸ್‌ಫೇಡ್ (ಒಂದು ದೃಶ್ಯದ ಬೆಳಕು ಇಳಿಸುತ್ತಾ ಇನ್ನೊಂದರದು ಏರಿಸುವುದು) ಮಾಡುತ್ತದೆ, ಬೆರಳ ತುದಿಯಲ್ಲಿ ಬೆಳಕಿನ ತೂಕ ತಿಳಿಯುತ್ತದೆ. ಪರದೆ ಮೇಲೆ ಮೌಸ್ ಒತ್ತಿ ಅದು ಬರುವುದಿಲ್ಲ. ಆದರೆ ಮುಖ್ಯ ನಾಟಕಕ್ಕೆ ಇದೊಂದನ್ನೇ ನಂಬುವುದಿಲ್ಲ. ಪಕ್ಕದಲ್ಲಿ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ-ಡಿಎಂಎಕ್ಸ್ ಇಂಟರ್‌ಫೇಸ್ ಸಿದ್ಧವಿರುತ್ತದೆ. ಕೇಬಲ್ ಕಿತ್ತು ಅದಕ್ಕೆ ಚುಚ್ಚುವ ಅಭ್ಯಾಸವನ್ನೂ ಮಕ್ಕಳಿಗೆ ಮಾಡಿಸಿದ್ದೇವೆ.

ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರು ಪ್ರತಿ ಫೇಡರನ್ನೂ ನಿಧಾನಕ್ಕೆ ಎಳೆದು ನೋಡಿ, ದೃಶ್ಯ ಉಳಿಸಿ ಆಫ್ ಮಾಡಿ ಮರುದಿನ ಆನ್ ಮಾಡಿ, ಮುಚ್ಚಳ ತೆರೆಯಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಬೇಡ.

ನಮ್ಮದರಲ್ಲಿ ಈಗ ಉಳಿದಿರುವುದು ಮೂರನೇ ಸಬ್‌ಮಾಸ್ಟರ್ ಒಂದೇ. ಅದು ಧೂಳಲ್ಲ, ಪಟ್ಟಿಯೇ ಸವೆದಿದೆ. 10 ಕಿಲೋಓಮ್ ಲೀನಿಯರ್ ಫೇಡರ್ ಸಿಗುತ್ತದೆ, ಕಾಲುಗಳ ಅಂತರ ನಮ್ಮ ಬೋರ್ಡಿಗೆ ಹೊಂದುವುದು ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಅದನ್ನು ಸೊನ್ನೆಗೆ ಇಳಿಸಿ ಮೇಲೆ ಟೇಪ್ ಅಂಟಿಸಿದ್ದೇವೆ.